ಸತ್ತವನು ಹಿಡಿದ ಹಗ್ಗ

ಇಪ್ಪತ್ತಾರನೆಯ ಸಲ ಎಳೆದಾಗ ಹಗ್ಗ ಹರಿಯಿತು. ಹಿಡಿ ಕೈಯಲ್ಲೇ ಉಳಿಯಿತು, ಪೆಟ್ರೋಲಿನ ಗರಗಸ ನೆಲದಲ್ಲೇ ಉಳಿಯಿತು, ಇದ್ದಲ್ಲಿ ಉಳಿಯದವನು ಅಟಾ ಕಕ್ರಾ ಒಬ್ಬನೇ. ಅವನು ನಾಲ್ಕು ಹೆಜ್ಜೆ ಹಿಮ್ಮುಖವಾಗಿ ಓಡಿ, ಐದನೆಯದಕ್ಕೆ ನೆಲ ಸಿಗದೆ, ನೆಂಟರಿಗೆಂದು ಸೋಡಾ ಬಾಟಲಿಗಳನ್ನು ಐಸಿನಲ್ಲಿ ಹೂತಿಟ್ಟಿದ್ದ ದೊಡ್ಡ ಬೋಗುಣಿಯೊಳಗೆ ಕುಳಿತುಬಿಟ್ಟ. ಬೋಗುಣಿಯ ಅಳತೆಗೂ ಅವನ ಅಳತೆಗೂ ಯಾವ ದರ್ಜಿಯೂ ಸಾಧಿಸಲಾರದಂಥ ಹೊಂದಾಣಿಕೆ. ಏಳಲು ಆಗಲಿಲ್ಲ.

ಅವನ ಅಣ್ಣ ಅಟಾ ಪನಿನ್ ತೀರಿಕೊಂಡ ನಲವತ್ತನೆಯ ದಿನದ ಕಾರ್ಯ ಅದು, ಎಲ್ಲರೂ ಬರಲೆಂದು ಶನಿವಾರಕ್ಕೆ ಇಟ್ಟುಕೊಂಡದ್ದು. ಶಾಮಿಯಾನದ ಕೆಳಗೆ ಕಪ್ಪು ಕೆಂಪು ಬಟ್ಟೆ ಉಟ್ಟ ಇನ್ನೂರು ಜನ ಒಂದು ಗಳಿಗೆ ಉಸಿರು ಹಿಡಿದರು. ಆಮೇಲೆ ತಮಟೆಯವರು ಮೊದಲು ನಕ್ಕರು. ಅವರು ಎಲ್ಲರ ಸಾವಿಗೂ ಬರುವವರು, ಅವರಿಗೆ ಯಾವ ಸಾವೂ ತಮ್ಮದಲ್ಲ.

"ಅಣ್ಣ ಮರದ ಕೆಳಗೆ ಹೋದ, ತಮ್ಮ ಸೋಡಾದೊಳಗೆ ಹೋದ!" ಎಂದು ಹಿಂದಿನ ಸಾಲಿನಿಂದ ಯಾವನೋ ಕೂಗಿದ.

"ಏಳೋ ಫಿಟ್ಟರ್, ಬಾಟ್ಲಿ ಬೆಚ್ಚಗಾಗ್ತವೆ!" ಎಂದು ಇನ್ನೊಂದು ಕಡೆಯಿಂದ ಒಬ್ಬಳು.

ಇಬ್ಬರು ಹೆಂಗಸರು ಒಂದೊಂದು ತೋಳು ಹಿಡಿದು ಕಿತ್ತಾಗ, ಬೋಗುಣಿಯೂ ಅವನೊಂದಿಗೆ ಒಂದು ಗೇಣು ಎದ್ದು, ಮನಸ್ಸು ಬದಲಾಯಿಸಿ ಕೆಳಗೆ ಬಿತ್ತು. ಒದ್ದೆ ಹಿಂಭಾಗವನ್ನು ಯಾರಿಗೂ ತೋರಿಸದಂತೆ ನಿಲ್ಲುವುದು ಹೇಗೆಂದು ಕಕ್ರಾನಿಗೆ ತೋಚಲಿಲ್ಲ. ಜನ ನಾಲ್ಕೂ ದಿಕ್ಕಿಗೆ ಇದ್ದರು. ಆದರೆ ಅವನ ಕಣ್ಣು ಹೋದದ್ದು ಒಂದೇ ದಿಕ್ಕಿಗೆ. ಅಣ್ಣನ ಹೆಂಡತಿ ಟೆನೆವಾ ನಗುತ್ತಿರಲಿಲ್ಲ. ಗರಗಸವನ್ನೇ ನೋಡುತ್ತಿದ್ದಳು.

ಅವರ ಊರು ಬೊಂಸುಕ್ರೋಮಿನಲ್ಲಿ ಗಂಡಸು ಸತ್ತರೆ ಅವನ ವಾರಸುದಾರ ನಲವತ್ತನೆಯ ದಿನ ಎಲ್ಲರೆದುರು ಅವನ ಕಸುಬಿಗೆ ಕೈ ಹಚ್ಚಬೇಕು. ಸತ್ತವನು ಡ್ರೈವರಾದರೆ ಹಾರನ್ ಒತ್ತುತ್ತಾರೆ. ಕೋಕೋ ಬೆಳೆಯುವವನಾದರೆ ಒಂದು ಕಾಯಿ ಒಡೆಯುತ್ತಾರೆ. ಕಳೆದ ವರ್ಷ ಹೆಡ್‌ಮಾಸ್ತರು ಸತ್ತಾಗ ಅವರ ತಮ್ಮ ಬೆತ್ತ ಹಿಡಿದು ಗಾಳಿಗೆ ಎರಡೇಟು ಹೊಡೆದಿದ್ದ. ಮಕ್ಕಳು ಕಣ್ಣು ಮುಚ್ಚಿಕೊಂಡಿದ್ದರು. ವಾರಸುದಾರಿಕೆ ಮಗನಿಗೆ ಬರುವುದಿಲ್ಲ, ಒಂದೇ ತಾಯಿಯ ಹೊಟ್ಟೆಯಿಂದ ಬಂದ ತಮ್ಮನಿಗೆ ಬರುತ್ತದೆ. ಕಕ್ರಾ ಒಂದೇ ಹೊಟ್ಟೆಯಿಂದ ಮಾತ್ರವಲ್ಲ, ಒಂದೇ ಬೆಳಿಗ್ಗೆ ಬಂದವನು. ಪನಿನ್ ಮರ ಕಡಿಯುವವನು. ಆದ್ದರಿಂದ ಕಕ್ರಾ ಅಣ್ಣನ ಗರಗಸವನ್ನು ಹೊತ್ತುಕೊಂಡು ಬಂದಿದ್ದ. ಹೊತ್ತುಕೊಂಡದ್ದೇ ಬಂತು, ಅದು ಹೊತ್ತಿಕೊಳ್ಳಲಿಲ್ಲ.

ತಾಯಿವಂಶದ ಹಿರಿಯ, ನಾನಾ ಅಜಿಯೆಕುಮ್, ಊರುಗೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿ ನಗು ನಿಲ್ಲಿಸಿದ.

"ಬರೋ ಶನಿವಾರದವರೆಗೆ ನೋಡೋಣ. ಅಷ್ಟರಲ್ಲಿ ಎದ್ದರೆ ಗರಗಸ ನಿಂದು. ಏಳದಿದ್ರೆ ಅವನು ನಿನಗೆ ಬಿಟ್ಟುಕೊಟ್ಟಿಲ್ಲ ಅಂತ ತಿಳ್ಕೋತೀವಿ. ಆಮೇಲೆ ಯಾಕೆ ಬಿಟ್ಟುಕೊಟ್ಟಿಲ್ಲ ಅಂತ ಕೇಳ್ಬೇಕಾಗತ್ತೆ."

ಊರು ಶನಿವಾರದವರೆಗೆ ಕಾಯಲಿಲ್ಲ. ಅಂದು ಸಂಜೆಗೇ ತೀರ್ಮಾನವಾಯಿತು: ಹಗ್ಗದ ಇನ್ನೊಂದು ತುದಿಯನ್ನು ಸತ್ತವನು ಹಿಡಿದುಕೊಂಡಿದ್ದಾನೆ. ತಮ್ಮನ ಮೇಲೆ ಏನೋ ಸಿಟ್ಟಿದೆ.

ಏನು ಸಿಟ್ಟೆಂದು ಕಕ್ರಾನಿಗೆ ಗೊತ್ತಿತ್ತು. ಅವನೊಬ್ಬನಿಗೇ ಗೊತ್ತಿತ್ತು.

ಸಾಯುವ ಎರಡು ದಿನ ಮುಂಚೆ, ಮಂಗಳವಾರ, ಪನಿನ್ ಈ ಗರಗಸವನ್ನೇ ತಂದುಕೊಟ್ಟಿದ್ದ. ಬಿಸಿಯಾದ ಮೇಲೆ ನಿಂತುಹೋಗುತ್ತದೆ, ಮತ್ತೆ ಏಳಲು ಸತಾಯಿಸುತ್ತದೆ ಎಂಬ ದೂರು. ಕಕ್ರಾ ಕಾರ್ಬುರೇಟರು ಬಿಚ್ಚಿ ನೋಡಿದ. ಪೆಟ್ರೋಲನ್ನು ಗುಟುಕು ಗುಟುಕಾಗಿ ಒಳಗೆಳೆಯುವ ತೆಳ್ಳನೆಯ ರಬ್ಬರ್ ಪೊರೆ ಗಟ್ಟಿಯಾಗಿ ಸೀಳಿತ್ತು. ಅಂಗಡಿಯಲ್ಲಿ ಬೇರೆ ಇರಲಿಲ್ಲ. ಅವನು ಸೈಕಲ್ಲಿನ ಕೆಂಪು ಟ್ಯೂಬು ಕತ್ತರಿಸಿ, ಹಳೆಯ ಪೊರೆಯ ಅಳತೆಗೆ ಕೊರೆದು, ಅದನ್ನೇ ಕೂರಿಸಿದ. "ಶುಕ್ರವಾರ ಕುಮಾಸಿಯಿಂದ ಅಸಲಿ ತರಿಸ್ತೀನಿ. ಅಲ್ಲೀವರೆಗೆ ಚಿಕ್ಕ ಮರ ಮಾತ್ರ ಕಡಿ" ಎಂದ. ಪನಿನ್ ನಕ್ಕು ಭುಜ ತಟ್ಟಿ ಹೋದ. ಸೈಕಲ್ ಟ್ಯೂಬು ಪೆಟ್ರೋಲಿನಲ್ಲಿ ಊದಿಕೊಳ್ಳುತ್ತದೆ, ಊದಿಕೊಂಡರೆ ಇಂಜಿನ್ ಉಪವಾಸ ಬೀಳುತ್ತದೆ. ಇದು ಕಕ್ರಾನಿಗೆ ಗೊತ್ತಿಲ್ಲದ ವಿಷಯವಲ್ಲ.

ಗುರುವಾರ ಪನಿನ್ ದೊಡ್ಡದೊಂದು ಓಡುಮ್ ಮರಕ್ಕೆ ಗರಗಸ ಇಟ್ಟ. ಅರ್ಧ ಕೊಯ್ದಾಗ ಇಂಜಿನ್ ನಿಂತಿತು. ಅವನು ಬಗ್ಗಿ ಹಗ್ಗ ಎಳೆದ, ಏಳಲಿಲ್ಲ. ಮತ್ತೆ ಎಳೆದ. ಅಷ್ಟರಲ್ಲಿ ಮರ ಉದ್ದಕ್ಕೆ ಸೀಳಿ ಅವನ ಮೇಲೆ ಬಂತು. ಜೊತೆಗಿದ್ದ ತವಿಯಾ, ಅವಳಿಗಳ ಬೆನ್ನಿಗೆ ಹುಟ್ಟಿದ ಮೂರನೆಯವನು, ಊರಿಗೆ ಓಡಿಬಂದು ಇಷ್ಟು ಹೇಳಿ ಕುಸಿದು ಕುಳಿತಿದ್ದ. ಮರಕ್ಕೂ ಮರಣಕ್ಕೂ ಒಂದೇ ಅಕ್ಷರದ ಅಂತರ ಎಂದು ತಮಾಷೆ ಮಾಡಬಹುದು. ಆ ದಿನ ಯಾರೂ ಮಾಡಲಿಲ್ಲ.

ಊರು ತನ್ನ ಕಾರಣಗಳನ್ನು ಹುಡುಕಿಕೊಂಡಿತು. ಗುರುವಾರ ಭೂದೇವಿಯ ದಿನ, ಅವಳ ಮೈಗೆ ಗುದ್ದಲಿ ಕೊಡಲಿ ತಾಗಿಸಬಾರದು, ಪನಿನ್ ತಾಗಿಸಿದ. ಓಡುಮ್ ಮರಕ್ಕೆ ಮೊದಲು ಹೆಂಡ ಸುರಿದು ಅಪ್ಪಣೆ ಕೇಳಬೇಕು, ಪನಿನ್ ಕೇಳಲಿಲ್ಲ. ಇನ್ನು ಕೆಲವರ ಪ್ರಕಾರ ಹೆಂಡತಿಯ ಕಾಲ್ಗುಣ. ಗರಗಸದ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಏಕೆಂದರೆ ಅದನ್ನು ರಿಪೇರಿ ಮಾಡಿದವನು ಕಕ್ರಾ, ಅಂಗಡಿಯ ಬೋರ್ಡಿನಲ್ಲಿ ‘ಸತ್ತದ್ದೂ ಏಳುತ್ತದೆ’ ಎಂದು ಬರೆಸಿಕೊಂಡವನು. ಅದನ್ನು ಓದಿ ಚರ್ಚಿನ ಫಾದರ್ ಒಮ್ಮೆ ಸ್ಕೂಟರ್ ನಿಲ್ಲಿಸಿ, "ಆ ಕೆಲಸಕ್ಕೆ ಬೇರೊಬ್ಬರು ಇದ್ದಾರೆ, ಗೊತ್ತಲ್ಲ?" ಎಂದು ಕೇಳಿದ್ದರು.

ಕಕ್ರಾ ಮೊದಲು ಹುಟ್ಟಿದವನು, ಆದರೆ ಚಿಕ್ಕವನು. ಅವರಲ್ಲಿ ಲೆಕ್ಕ ಹಾಗೆಯೇ: ಹಿರಿಯ ಅವಳಿ ಒಳಗೆ ಕುಳಿತು, "ನೀನು ಹೋಗಿ ಲೋಕ ಹೇಗಿದೆ ನೋಡ್ಕೊಂಡು ಬಾ" ಎಂದು ಕಿರಿಯನನ್ನು ಮುಂದೆ ಕಳಿಸುತ್ತಾನೆ. ಐವತ್ತೊಂದು ವರ್ಷ ಅದೇ ನಡೆಯಿತು. ಹಾವು ಇದೆಯೇ ನೋಡಲು ಕಕ್ರಾ, ಹುಡುಗಿಯ ಅಪ್ಪನ ಮೂಡು ಹೇಗಿದೆ ನೋಡಲು ಕಕ್ರಾ, ಹೊಳೆ ಎಷ್ಟು ಆಳ ನೋಡಲು ಈಜು ಬಾರದ ಕಕ್ರಾ. ಅವಳಿಗಳ ದಿನ ಅಮ್ಮ ಸುವರ್ಣಗಡ್ಡೆ ಅರೆದು ತಾಳೆ ಎಣ್ಣೆ ಕಲಸಿ ಮೊಟ್ಟೆ ಇಟ್ಟು ಎತೊ ಮಾಡಿದರೆ, ಮೊದಲ ತುತ್ತು ಮಾತ್ರ ಪನಿನ್‌ಗೆ. "ಹಿರಿಯ ಅಲ್ವಾ" ಎನ್ನುತ್ತಿದ್ದ ಬಾಯಿ ತುಂಬಿಕೊಂಡು. ಎಲ್ಲ ಕಡೆಗೂ ತಮ್ಮನನ್ನು ಮುಂದೆ ಕಳಿಸಿದವನು, ಒಂದೇ ಕಡೆಗೆ ತಾನೇ ಸಾಲು ಮುರಿದು ಮುಂದೆ ಹೋಗಿದ್ದ.

ಮಿಷನ್ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಮೂರು ವರ್ಷ ಹೇಳಿಕೊಟ್ಟರೂ ತಂದೆ, ಮಗ, ಪವಿತ್ರಾತ್ಮ ಮೂವರು ಒಬ್ಬರೇ ಆಗುವುದು ಹೇಗೆಂದು ಕಕ್ರಾನ ತಲೆಗೆ ಹತ್ತಿರಲಿಲ್ಲ. ಗರಗಸದ ಇಂಜಿನ್ ಅದನ್ನು ಒಂದೇ ಮಧ್ಯಾಹ್ನದಲ್ಲಿ ಅರ್ಥ ಮಾಡಿಸಿತು. ಗಾಳಿ, ಪೆಟ್ರೋಲು, ಕಿಡಿ. ಮೂರೂ ಬೇರೆ, ಮೂರೂ ಒಂದೇ, ಒಂದಿಲ್ಲದಿದ್ದರೆ ಮೂರೂ ಇಲ್ಲ.

ಭಾನುವಾರ ಅವನು ಹೊಸ ಹಗ್ಗ ಸುತ್ತಿದ. ಸೋಮವಾರ ಪ್ಲಗ್ಗು ಬಿಚ್ಚಿ, ಸಿಲಿಂಡರಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದ. ನೀಲಿ ಕಿಡಿ ಟಪ್ ಎಂದು ಹಾರಿತು. ಕಿಡಿ ಇತ್ತು, ಕಿಡಿಗೇಡಿ ಬೇರೆಲ್ಲೋ ಇದ್ದ. ಹೊಸ ಪೆಟ್ರೋಲಿಗೆ ಟೊಮೇಟೊ ಡಬ್ಬಿಯಲ್ಲಿ ಅಳೆದು ಎಣ್ಣೆ ಬೆರೆಸಿ ಟ್ಯಾಂಕಿಗೆ ಹಾಕಿದ. ಚೋಕು ಎಳೆದು ಆರು ಸಲ, ಚೋಕು ಬಿಟ್ಟು ಆರು ಸಲ. ಮತ್ತೆ ಪ್ಲಗ್ಗು ಬಿಚ್ಚಿ ಮೂಗಿಗೆ ಹಿಡಿದ. ಒಣಗಿತ್ತು. ಪೆಟ್ರೋಲಿನ ವಾಸನೆಯೂ ಇಲ್ಲ. ಒಳಗೆ ಪೆಟ್ರೋಲು ಹೋಗುತ್ತಲೇ ಇಲ್ಲ.

ಇಷ್ಟಾದ ಮೇಲೆ ಯಾವ ಫಿಟ್ಟರಾದರೂ ಮುಂದೆ ಬಿಚ್ಚುವುದು ಕಾರ್ಬುರೇಟರನ್ನು. ನಾಲ್ಕು ಸ್ಕ್ರೂ. ಕಕ್ರಾ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿದ. ಗಾಳಿಯ ಫಿಲ್ಟರು ತೊಳೆದ. ಹೊಗೆ ಕೊಳವೆಯ ಮಸಿ ಕೆರೆದ. ಚೈನಿನ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಮಸೆದ, ಗರಗಸ ಏಳದಿರುವುದಕ್ಕೂ ಹಲ್ಲಿಗೂ ಯಾವ ಸಂಬಂಧವೂ ಇಲ್ಲದಿದ್ದರೂ. ಹಲ್ಲುನೋವಿನವನು ಡಾಕ್ಟರಿಗೆ ಬೆನ್ನು ತೋರಿಸಿದ ಹಾಗೆ. ದಾರಿಯಲ್ಲಿ ಹೋಗುವವರು ಇಣುಕಿ, "ಏನಂತಾನೋ ನಿಮ್ಮಣ್ಣ? ಹಗ್ಗ ಬಿಟ್ನಾ?" ಎಂದು ಕೇಳುತ್ತಿದ್ದರು. "ಕೇಳ್ತಾ ಇದೀನಿ" ಎನ್ನುತ್ತಿದ್ದ.

ಬುಧವಾರ ಮಧ್ಯಾಹ್ನ ಟೆನೆವಾ ಮರಗೆಣಸು ಕುಟ್ಟಿ ಕಟ್ಟಿದ ಫುಫು ಮುದ್ದೆ, ಕಡಲೆಕಾಯಿ ಸಾರು ತಂದಳು. ಬಟ್ಟಲನ್ನು ಅವನ ಮುಂದಿಟ್ಟು, ಹೋಗದೆ, ಟಯರಿನ ಮೇಲೆ ಕುಳಿತಳು.

"ಪೂರ್ತಿ ಮದುವೆ ಹುಡುಗಿ ಹಾಗೆ ಮಾಡಿಟ್ಟಿದೀಯ ಅದನ್ನ. ಹೊಳೀತಾ ಇದೆ. ಏಳತ್ತಾ?"

"ನೋಡ್ಬೇಕು ಅತ್ತಿಗೆ."

"ನಾಲ್ಕು ದಿನದಿಂದ ನೋಡ್ತಾ ಇದೀಯ. ಅವನು ಹೇಳ್ತಿದ್ದ, ನಮ್ಮ ಕಕ್ರಾ ಒಂದು ಮಧ್ಯಾಹ್ನದಲ್ಲಿ ಲಾರಿ ಬಿಚ್ಚಿ ಜೋಡಿಸ್ತಾನೆ ಅಂತ."

ಕಕ್ರಾ ಕೈ ತೊಳೆದ, ತಿನ್ನಲಿಲ್ಲ.

"ನೋಡು ಕಕ್ರಾ, ಒಂದು ಮಾತು. ಅವನು ಯಾಕೆ ಸತ್ತ ಅಂತ ಎಲ್ರೂ ನಂಗೆ ಒಂದೊಂದು ಹೇಳಿದ್ದಾರೆ. ಗುರುವಾರ ಅಂತ ಒಬ್ರು. ಮರದ ದೆವ್ವ ಅಂತ ಒಬ್ರು. ನಿಮ್ಮತ್ತೆ ನನ್ನ ಕಾಲು ನೋಡ್ತಾಳೆ, ಮುಖ ನೋಡಲ್ಲ. ಯಂತ್ರ ಸುಳ್ಳು ಹೇಳಲ್ಲ ಅಂತ ನೀನು ಹೇಳ್ತಿದ್ದೆ. ಅದು ಯಾಕೆ ನಿಂತಿತು ಅಂತ ಅದನ್ನೇ ಕೇಳಿ ನಂಗೆ ಹೇಳು. ನಾನು ಯಾರನ್ನೂ ಏನೂ ಮಾಡಲ್ಲ. ತಿಳೀಬೇಕು, ಅಷ್ಟೇ."

ಆಗ ಕಕ್ರಾ ಹೇಳಿಬಿಟ್ಟ. ಮಂಗಳವಾರ, ಸೀಳಿದ ಪೊರೆ, ಸೈಕಲ್ ಟ್ಯೂಬು, ಶುಕ್ರವಾರ ತರಿಸುತ್ತೇನೆ ಎಂದದ್ದು. ಹೇಳುವಾಗ ಅವನು ನೋಡುತ್ತಿದ್ದುದು ಸಾರಿನ ಮೇಲೆ ಕಟ್ಟುತ್ತಿದ್ದ ಎಣ್ಣೆಯನ್ನು. "ಈ ನಾಲ್ಕು ಸ್ಕ್ರೂ ತೆಗೆದ್ರೆ ಅದು ಒಳಗಿರತ್ತೆ. ಊದಿಕೊಂಡು. ಅದಕ್ಕೇ ತೆಗೀತಿಲ್ಲ."

ದೂರದಲ್ಲಿ ಯಾರೋ ಫುಫು ಕುಟ್ಟುತ್ತಿದ್ದರು. ಆ ಸದ್ದು ನಿಂತ ಮೇಲೆ ಟೆನೆವಾ, "ತೆಗಿ" ಎಂದಳು.

"ಅತ್ತಿಗೆ..."

"ತೆಗಿ ಅಂದೆ. ನಾನು ಇಲ್ಲೇ ಇದೀನಿ."

ಮೊದಲ ಸ್ಕ್ರೂ ಬಂತು. ಆಮೇಲೆ ಉಳಿದ ಮೂರೂ ಬಂದವು. ಮುಚ್ಚಳ ಎತ್ತಿದ.

ಪೊರೆ ಕಪ್ಪಗಿತ್ತು.

ಅವನು ಅದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ತೆಳ್ಳಗೆ, ಸಮವಾಗಿ, ನಡುವೆ ಪುಟ್ಟ ಲೋಹದ ಗುಂಡಿ, ಅಂಚಿನಲ್ಲಿ ಕಾರ್ಖಾನೆಯ ಸಂಖ್ಯೆ. ಅಸಲಿ. ಹೊಸದು. ಅದರ ಕೆಳಗೆ, ಪೆಟ್ರೋಲು ಬರುವ ಸೂಜಿಯ ಬಾಯಿಗೆ, ನಲವತ್ತು ದಿನ ಕುಳಿತು ಒಣಗಿದ ಪೆಟ್ರೋಲು ಕಂದು ಅಂಟಾಗಿ ಮೆತ್ತಿತ್ತು. ಗರಗಸ ಈಗ ಏಳದಿರುವುದಕ್ಕೆ ಕಾರಣ ಆ ಅಂಟು. ಐದು ನಿಮಿಷದ ಕೆಲಸ.

"ಇದು ನಂದಲ್ಲ" ಎಂದ.

"ಅಂದ್ರೆ?"

"ನನ್ನ ಟ್ಯೂಬು ಕೆಂಪು. ಇದನ್ನ ಬೇರೆ ಯಾರೋ ಹಾಕಿದಾರೆ. ಇದು ಸರಿಯಾಗಿದೆ. ಇದು ಕೈಕೊಡೋ ಮಾತೇ ಇಲ್ಲ."

"ಹಾಗಾದ್ರೆ ನಿನ್ನಿಂದ ಅಲ್ಲ."

"ಅಲ್ಲ."

ಟೆನೆವಾ ಕರಿಬಟ್ಟೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಳೋ, ದೇವರಿಗೆ ಏನೋ ಹೇಳುತ್ತಿದ್ದಳೋ. ಆಮೇಲೆ ಬಟ್ಟಲನ್ನು ಅವನ ಕಡೆ ತಳ್ಳಿ, "ತಿನ್ನು, ಆರಿಹೋಯ್ತು" ಎಂದಳು. ಅವನು ತಿಂದ. ನಲವತ್ತು ದಿನದ ನಂತರ ಉಪ್ಪು ಉಪ್ಪಾಗಿಯೇ ರುಚಿಸಿತು. ಅರ್ಧ ಬಟ್ಟಲು ತಿಂದ ಮೇಲೆ ಮತ್ತೆ ಆ ಕರಿ ಪೊರೆಯ ಕಡೆ ನೋಡಿದ. ಯಾರೋ ಹಾಕಿದ್ದಾರೆ. ಯಾರು?

ಮರುದಿನ ಗುರುವಾರ, ಯಾರೂ ಕಾಡಿಗೆ ಹೋಗುವಂತಿಲ್ಲ. ತವಿಯಾ ಮಾವಿನ ಮರದ ಕೆಳಗೆ ಎರಡೂ ಕಡೆಯ ಕಾಯಿಗಳನ್ನು ಒಬ್ಬನೇ ನಡೆಸುತ್ತ ಡಾಮೆ ಎಂಬ ಚೌಕದಾಟ ಆಡುತ್ತಿದ್ದ. ಅಣ್ಣ ಸತ್ತ ಮೇಲೆ ಅವನು ಎದುರಿಗೆ ಯಾರನ್ನೂ ಕೂರಿಸಿಕೊಂಡಿರಲಿಲ್ಲ.

"ಲೋ ತವಿಯಾ, ಆ ಗರಗಸಕ್ಕೆ ಹೊಸ ಪೊರೆ ಯಾರು ಹಾಕಿದ್ದು?"

"ಯಾವ ಪೊರೆ?"

"ನಿನ್ನ ಕಣ್ಣಿನ ಪೊರೆ ಅಲ್ಲ. ಕಾರ್ಬುರೇಟರಿಂದು."

ತವಿಯಾ ಒಂದು ಕಾಯಿಯನ್ನು ಎತ್ತಿದ, ಇಡಲು ಜಾಗ ಕಾಣದವನಂತೆ ಹಿಡಿದುಕೊಂಡ.

"ಗೋವಾಸೋದ ಮುಮುನಿ."

ಕಕ್ರಾ ಹತ್ತು ವರ್ಷದಿಂದ ಬೈದುಕೊಂಡು ಬಂದ ಫಿಟ್ಟರನ ಹೆಸರು ಅದು. ಮುಮುನಿಗೆ ಸ್ಪ್ಯಾನರ್ ಯಾವ ಕಡೆ ಹಿಡಿಯುವುದೆಂದು ಗೊತ್ತಿಲ್ಲ, ಅವನು ಮುಟ್ಟಿದ ಇಂಜಿನ್ ಮಸಣಕ್ಕೇ ಹೋಗುತ್ತದೆ ಎಂದೆಲ್ಲ ಪನಿನ್ ಎದುರಿಗೇ ಹೇಳಿದ್ದ. ಪನಿನ್ ನಗುತ್ತಿದ್ದ.

"ಯಾವತ್ತು?"

"ಆ ಬುಧವಾರ. ಬೆಳಿಗ್ಗೆ ಹೋಗಿ ಸಂಜೆ ಬಂದ್ವಿ. ಕೆಲಸ ಹಾಳಾಯ್ತು. ಚರ್ಚಿನ ಚಾವಣಿಗೆ ಶನಿವಾರ ಹಲಗೆ ಕೊಡ್ತೀನಿ ಅಂದಿದ್ನಲ್ಲ. ಅದಕ್ಕೇ ಗುರುವಾರ ಹೊರಟ. ಬೇಡ ಅಂದೆ ನಾನು. ಹೆಂಡ ತರೋಕೂ ಹೊತ್ತಿರಲಿಲ್ಲ."

"ಅದಕ್ಕೂ ಮುಂಚೆ? ಅವನ ಹತ್ರ ಹೋಗ್ತಿದ್ನಾ?"

ತವಿಯಾ ಕಾಯಿಯನ್ನು ಹಲಗೆಯ ಹೊರಗೆ, ನೆಲದ ಮೇಲೆ ಇಟ್ಟ.

"ಬಿಡು ಅಣ್ಣ."

"ಹೇಳೋ."

"ಯಾವಾಗ್ಲೂ ಹೋಗ್ತಿದ್ದ. ಆರೇಳು ವರ್ಷ ಆಯ್ತು. ನೀನು ಮಾಡಿಕೊಟ್ಟಿದ್ದನ್ನ ಅಲ್ಲಿ ಒಯ್ದು ಮತ್ತೆ ಮಾಡಿಸ್ತಿದ್ದ. ಕಕ್ರಾಗೆ ಹೇಳ್ಬೇಡ, ಕೊರಗ್ತಾನೆ ಅಂತಿದ್ದ."

"ಮತ್ತೆ ನನ್ನ ಹತ್ರ ಯಾಕೆ ತರ್ತಿದ್ದ?"

"ನೀನು ತಮ್ಮ ಅಲ್ವಾ."

ಒಂದು ಮಾವಿನ ಎಲೆ ಡಾಮೆ ಹಲಗೆಯ ಮೇಲೆ ಬಿತ್ತು. ಇಬ್ಬರೂ ತೆಗೆಯಲಿಲ್ಲ.

"ಗರಗಸ ಕೆಟ್ಟಿರಲಿಲ್ಲ" ಎಂದ ತವಿಯಾ, ಯಾರೂ ಕೇಳದಿದ್ದರೂ. "ಮರ ವಾಲಿ ಬ್ಲೇಡನ್ನ ಕಚ್ಚಿಕೊಳ್ತು. ಅದಕ್ಕೇ ನಿಂತಿದ್ದು. ಬೆಣೆ ಹೊಡಿ ಅಂತ ಕೂಗಿದ. ಬೆಣೆ ನನ್ನ ಚೀಲದ ತಳದಲ್ಲಿತ್ತು, ಊಟದ ಕೆಂಕಿ ಗಂಟಿನ ಕೆಳಗೆ. ಹುಡುಕ್ತಾ ಇದ್ದೆ."

ಕಕ್ರಾ ತಮ್ಮನ ತಲೆಯ ಮೇಲೆ ಕೈ ಇಟ್ಟ. ತೆಗೆಯಲು ಮನಸ್ಸು ಬರಲಿಲ್ಲ.

ಅಂಗಡಿಗೆ ಬಂದು ಕುಳಿತ. ಅವನು ಕೊಂದಿರಲಿಲ್ಲ; ಅದು ನಿಜ. ಅವನ ಸೈಕಲ್ ಟ್ಯೂಬನ್ನು ತೆಗೆಸಲು ಹೋಗಿ ಬುಧವಾರ ಕಳೆಯಿತು, ಬುಧವಾರ ಕಳೆದದ್ದಕ್ಕೆ ಗುರುವಾರ ಬಂತು, ಅದೂ ನಿಜ. ಗಂಟು ಬಿಚ್ಚಿತು ಎಂದುಕೊಂಡರೆ ಹಗ್ಗ ಇನ್ನೊಂದು ಮಾರು ಉದ್ದವಾಗಿತ್ತು. ಆದರೆ ಅವನನ್ನು ಹೆಚ್ಚು ಕೊರೆದದ್ದು ಅದಲ್ಲ. ಆರೇಳು ವರ್ಷ ಅವನು ಹೆಮ್ಮೆಯಿಂದ ಒರೆಸಿ ಕೊಟ್ಟ ಒಂದೊಂದು ಕೆಲಸವನ್ನೂ ಅಣ್ಣ ಭುಜ ತಟ್ಟಿ ಈಸಿಕೊಂಡು, ಹದಿನೆಂಟು ಮೈಲಿ ಹೊತ್ತುಕೊಂಡು ಹೋಗಿ, ಇನ್ನೊಬ್ಬನಿಂದ ಸರಿ ಮಾಡಿಸಿ, ಮರಳಿ ಬಂದು, "ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣೋ" ಎಂದಿದ್ದ. ನಂಬಿಕೆ ಇಲ್ಲದೆಯೂ ಇಷ್ಟು ಪ್ರೀತಿ ಇರುತ್ತದೆಯೇ? ಬೈಯಬೇಕೆಂದರೆ ಬೈಯಲು ಅಣ್ಣನಿಲ್ಲ.

ಬೆಂಚಿನ ಮೇಲೆ ಕಾರ್ಬುರೇಟರು ತೆರೆದೇ ಇತ್ತು. ಸೂಜಿಯ ಬಾಯಿಯ ಅಂಟು ಕಾಣುತ್ತಿತ್ತು. ಒಂದು ಹನಿ ಪೆಟ್ರೋಲು, ಒಂದು ಕೋಳಿಪುಕ್ಕ ಸಾಕಿತ್ತು. ಅವನು ಪುಕ್ಕ ಕೈಗೆತ್ತಿಕೊಂಡ. ಇಟ್ಟ. ಅಂಟು ಇದ್ದ ಹಾಗೆಯೇ ಬಿಟ್ಟು, ಪೊರೆ ಕೂರಿಸಿ, ನಾಲ್ಕು ಸ್ಕ್ರೂಗಳನ್ನೂ ಬಿಗಿದ. ಗರಗಸವನ್ನು ಗೋಣಿಯಲ್ಲಿ ಸುತ್ತಿದ.

ಶುಕ್ರವಾರ ಬೆಳಿಗ್ಗೆ ಅಂಗಡಿ ಮುಚ್ಚಿತ್ತು. ವ್ಯಾನ್ ನಿಲ್ದಾಣದಲ್ಲಿ ಅವನನ್ನು ಕಂಡವರಿದ್ದರು; ಪೆಟ್ರೋಲು ತುಂಬಿದ ಗರಗಸ ಹತ್ತಿಸುವುದಿಲ್ಲವೆಂದು ಡ್ರೈವರು ಜಗಳವಾಡಿ, ಅವನು ಟ್ಯಾಂಕನ್ನು ಚರಂಡಿಗೆ ಬಗ್ಗಿಸಿದ್ದನ್ನೂ ಕಂಡಿದ್ದರು. ಸಂಜೆ ಬಂದ. ಟೆನೆವಾ ಕೇಳಿದ್ದಕ್ಕೆ "ಸ್ವಲ್ಪ ಕೆಲಸ ಇತ್ತು" ಎಂದ.

ಶನಿವಾರ ಮತ್ತೆ ಅದೇ ಅಂಗಳ. ನಾನಾ ಅಜಿಯೆಕುಮ್ ಕೋಲು ಕುಟ್ಟಿದ. ಕಕ್ರಾ ಗರಗಸವನ್ನು ನೆಲಕ್ಕಿಟ್ಟು, ಹಿಡಿಯ ಮೇಲೆ ಕಾಲೂರಿ, ಚೋಕು ಎಳೆದ. ಒಂದು ಸಲ ಎಳೆದ, ಕೆಮ್ಮಿತು. ಚೋಕು ಬಿಟ್ಟು ಇನ್ನೊಂದು ಸಲ ಎಳೆದ.

ಎದ್ದಿತು. ಅಂಗಳದ ಕೋಳಿಗಳೆಲ್ಲ ಒಟ್ಟಿಗೆ ಗೋಡೆ ಹಾರಿದವು. ಹೆಂಗಸರು ಬಿಳಿ ಕರವಸ್ತ್ರ ಬೀಸುತ್ತ ಕಿರುಚಿದರು, ತಮಟೆಯವರು ಅದರ ತಾಳಕ್ಕೆ ತಾಳ ಹಾಕಲು ನೋಡಿ ಸೋತರು. ನೀಲಿ ಹೊಗೆಯ ಆಚೆ ಟೆನೆವಾ ಕಣ್ಣು ಮುಚ್ಚಿ ನಿಂತಿದ್ದಳು. ಎಷ್ಟೋ ಬೆಳಗುಗಳು ಈ ಸದ್ದು ಕಾಡಿನ ಕಡೆಗೆ ಸಣ್ಣದಾಗುತ್ತ ಹೋಗುವುದನ್ನು ಅವಳು ಒಲೆಯ ಮುಂದೆ ಕೂತು ಕೇಳಿದ್ದಳು. ಕಕ್ರಾ ಸ್ವಿಚ್ಚು ಆರಿಸಿದ.

ನಾನಾ ಹೆಂಡದ ಲೋಟ ಎತ್ತಿ ನೆಲಕ್ಕೆ ಮೂರು ಧಾರೆ ಸುರಿದು, ಸತ್ತವನ ಹೆಸರು ಹೇಳಿ, ಗಂಟಲು ಸರಿ ಮಾಡಿಕೊಂಡ.

"ಹೋದ ವಾರ ಇಪ್ಪತ್ತಾರು ಸಲ ಎಳೆದ್ರೂ ಮಣಿಯಲಿಲ್ಲ, ಇವತ್ತು ಎರಡು ಸಲಕ್ಕೆ ಎದ್ದಿದೆ. ಅಣ್ಣ ತಮ್ಮ ಏನೋ ಮಾತಾಡಿಕೊಂಡಿರಬೇಕು. ನಾವೆಲ್ಲ ಕೇಳೋ ಹಾಗೆ ಹೇಳು ಕಕ್ರಾ. ಏನು ಮಾಡಿದೆ?"

ಇನ್ನೂರು ಜನ ಕತ್ತು ಚಾಚಿದರು. ತವಿಯಾ ತಲೆ ತಗ್ಗಿಸಿದ.

"ನಾನೇನೂ ಮಾಡ್ಲಿಲ್ಲ, ನಾನಾ" ಎಂದ ಕಕ್ರಾ. "ಗೋವಾಸೋದ ಮುಮುನಿ ಹತ್ರ ರಿಪೇರಿ ಮಾಡಿಸ್ಕೊಂಡು ಬಂದೆ."